ಹಳೆ ನೆಟ್‌ಬುಕ್ಕು, ಹಳೆ ಡೆಸ್ಕ್‌ಟಾಪು: ಎರಡಕ್ಕೂ ಒಂದೇ ಮದ್ದಲ್ಲ

ಭಾವ, ಹಳೆ ನೆಟ್‌ಬುಕ್ಕು, ಡೆಸ್ಕ್‌ಟಾಪು ಎರಡನ್ನೂ ಗುಜರಿಗೆ ಹಾಕಲೇ ಅಂತ ಕೇಳಿದಿರಲ್ಲ, ಗುಜರಿಯವನಿಗೆ ಈಗಲೇ ಫೋನ್ ಮಾಡಬೇಡಿ. ವಿಂಡೋಸ್ ಬದಲು ಡೆಬಿಯನ್ 13 (ಲಿನಕ್ಸಿನ ಒಂದು ಬಗೆ) ಹಾಕಲು ಹೋದರೆ ‘64 ಬಿಟ್ ಪ್ರೊಸೆಸರ್ ಬೇಕು’ ಅಂತ ನೆಟ್‌ಬುಕ್ಕು ನಿಂತೇ ಬಿಟ್ಟಿತು ಅಂದಿರಲ್ಲ, ಅದು ಮೆಶಿನ್ ಕೆಟ್ಟದ್ದಲ್ಲ. ಅದರಲ್ಲಿರುವ ಆಟಂ ಎನ್270 ಪ್ರೊಸೆಸರ್ ಬರೀ 32 ಬಿಟ್ಟಿನ ಹಳೆ ಬಗೆಯದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥವಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನಲೂ (ಲಿನಕ್ಸಿನ ತಿರುಳು) ಇಲ್ಲ. ಡೆಬಿಯನ್ 12 ಹಾಕಿ ಅಲ್ಲಿಗೇ ನಿಲ್ಲಿಸಿ. ಅಡಿಕೆ ಲೆಕ್ಕಕ್ಕೆ, ಆಳುಗಳ ಸಂಬಳದ ಪಟ್ಟಿಗೆ ನೆಟ್ ಕೊಡದೆ ಇಟ್ಟುಕೊಳ್ಳಿ. ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಬೇಡವೇ ಬೇಡ.

ಕೋರ್ 2 ಡ್ಯುಯೋ ಡೆಸ್ಕ್‌ಟಾಪಿನ ಕತೆ ಬೇರೆ. ಅದು 64 ಬಿಟ್. ಸಂಶಯ ಇದ್ದರೆ ಲಿನಕ್ಸಿನ ಟರ್ಮಿನಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಎಲ್‌ಎಸ್‌ಸಿಪಿಯು (lscpu) ಅಂತ ಟೈಪ್ ಮಾಡಿ, ಮೇಲಿನ ಸಾಲುಗಳಲ್ಲೇ ಕಾಣುತ್ತದೆ. 4 ಜಿಬಿ ರ್‍ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಡೆಬಿಯನ್ 13 ಆರಾಮಾಗಿ ಓಡುತ್ತದೆ. ಮಗಳ ಶಾಲೆಯ ಕೈಟ್ ಗ್ನೂ/ಲಿನಕ್ಸ್ 22.04 (ಕೇರಳದ ಶಾಲೆಗಳಿಗೆಂದು ಮಾಡಿದ ಲಿನಕ್ಸ್) ಕೇಳಿದಿರಿ. ಡೆಸ್ಕ್‌ಟಾಪಿಗೆ ಆಗುತ್ತದೆ, ನೆಟ್‌ಬುಕ್ಕಿಗೆ ಆಗದು. ಅದರ ಬುಡ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್, ಅಲ್ಲಿ 32 ಬಿಟ್ಟಿನ ಇನ್‌ಸ್ಟಾಲರ್ ಇಲ್ಲ.

ಹಳೆ ಮೆಶಿನಿಗೆ ಬೆಂಬಲ ನಿಲ್ಲಿಸುವುದು ‘ಕಂಪೆನಿಯವರದ್ದೆಲ್ಲ ಹೊಸತು ಮಾರುವ ಉಪಾಯ’ ಅಂತ ಒಬ್ಬರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ ಇಂಟೆಲಿನ 386 ಚಿಪ್ಪಿನ ಮೇಲೆ; ಆದರೂ 2013ರ 3.8 ಕರ್ನಲಿನಲ್ಲಿ ಆ 386ನ್ನೇ ಬಿಟ್ಟರು. ಮಾರಲು ಅವರ ಹತ್ತಿರ ಎಂತದೂ ಇರಲಿಲ್ಲ ಮಾರಾಯ್ರೆ. ಹಳತಕ್ಕೆ ಬೇಕಾದ ಅಡ್ಡದಾರಿಗಳನ್ನು ಕೋಡಿನಲ್ಲಿ ಉಳಿಸಿಕೊಂಡರೆ ಪ್ರತಿ ಬದಲಾವಣೆಗೂ ಅದನ್ನು ಯಾರಾದರೂ ಪರೀಕ್ಷಿಸಬೇಕು. ರಿಪೇರಿಯವನೇ ಇಲ್ಲದ ಪಂಪಿಗೆ ಗ್ಯಾರಂಟಿ ಕೊಟ್ಟ ಹಾಗೆ ಆಗುತ್ತದೆ. ವಿಂಡೋಸ್ 11ರಲ್ಲಿ ನಿಜವಾದ ಅಡ್ಡಿ, ಬರೀ ಹಟ ಎರಡೂ ಉಂಟು. ಅದರ 24ಎಚ್2 ಆವೃತ್ತಿ ನಿಮ್ಮ ಕೋರ್ 2ರಲ್ಲಿ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಪಾಪ್‌ಕೌಂಟ್ ಅನ್ನುವ ಪ್ರೊಸೆಸರ್ ಆದೇಶ ಆ ಚಿಪ್ಪಿನಲ್ಲಿಲ್ಲ. ಇದು ನಿಜವಾದ ಅಡ್ಡಿ. ಆದರೆ ಇಂಟೆಲಿನ 7ನೇ ಜೆನ್ (ತಲೆಮಾರಿನ) ಐ5 ವಿಂಡೋಸ್ 11ನ್ನು ಚೆನ್ನಾಗಿಯೇ ಓಡಿಸಬಲ್ಲದು. ಮೈಕ್ರೋಸಾಫ್ಟಿನ ಒಪ್ಪಿಗೆಯ ಪಟ್ಟಿ 8ನೇ ಜೆನ್ನಿನಿಂದ ಶುರು ಅಂತ ಹೊರಗೆ ನಿಲ್ಲಿಸಿದ್ದು ಬರೀ ಹಟ ಅಂತಲೇ ನನ್ನ ಲೆಕ್ಕ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಅಂಥ ಮೆಶಿನ್ ಕಡಿಮೆಗೆ ಸಿಕ್ಕಿದರೆ ಬಿಡಬೇಡಿ, ಲಿನಕ್ಸಿಗೆ ಚಿನ್ನ.

ಡಿಸ್ಕ್ ಅಳಿಸುವ ಮೊದಲು ಅಪ್ಪ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಜೊತೆಗೆ ಆ ಫಾಂಟುಗಳನ್ನೂ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫೈಲು ಫಾಂಟಿಲ್ಲದೆ ತೆರೆದರೆ ಅಕ್ಷರವೇ ಓದಲಿಕ್ಕೆ ಬಾರದು. ವಿಂಡೋಸ್ ಇರುವಾಗಲೇ ಯುನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.