ಅಕ್ಕಿ ಡಬ್ಬಿಯಲ್ಲಿರುವ ಆರು ಪತ್ರಗಳು

ಪ್ರಶ್ನೆ: ನನಗೆ 61 ವರ್ಷ. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ಡೊಂಬಿವಲಿಯಲ್ಲಿದ್ದೇವೆ. ಪಕ್ಕದ ಮನೆಯ ಹುಡುಗಿ ಪುಣೆಯಲ್ಲಿ ಲಾ ಓದುತ್ತಾಳೆ. ಕಾನೂನು ನೆರವಿನ ಕೆಲಸಕ್ಕೆ ಯೆರವಡಾ ಜೈಲಿಗೆ ಹೋಗಿದ್ದಾಗ ಒಬ್ಬ ಕೈದಿ ಕೊಟ್ಟ ಕನ್ನಡ ಪತ್ರವನ್ನು ಓದಿ ಹೇಳಿ ಅಂತ ನನಗೆ ತಂದುಕೊಟ್ಟಳು. ವಿಜಯಪುರ ಕಡೆಯವನು, ಗಾರೆ ಕೆಲಸಕ್ಕೆ ಬಂದವನು. ಕೊಲೆ ಕೇಸಿನಲ್ಲಿ ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿದೆ. ‘ಕನ್ನಡದಾಗ ಮಾತಾಡಾಕ ಇಲ್ಲಿ ನನಗ ಯಾರೂ ಇಲ್ರಿ. ನಾ ಆ ಕೊಲಿ ಮಾಡಿಲ್ರಿ. ಯಾರರೆ ಒಬ್ಬರು ಪತ್ರ ಬರದ್ರ ಸಾಕು’ ಎಂದಿತ್ತು. ಮನಸ್ಸು ತಡೆಯಲಿಲ್ಲ, ಬರೆದೆ. ಈವರೆಗೆ ಆರು ಪತ್ರ ಬಂದಿವೆ. ಮನೆಯವರು ಸಿಟ್ಟಾಗಿದ್ದಾರೆ, ಹಾಗಾಗಿ ಪತ್ರಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಮೂರನೇ ಪತ್ರದಲ್ಲಿ ‘ನಿಮ್ಮ ಮನಿ ಕಿಟಕಿಯಾಗ ಏನೇನ್ ಕಾಣತೈತಿ?’ ಎಂದು ಕೇಳಿದ್ದ, ಇನ್ನೂ ಉತ್ತರ ಬರೆದಿಲ್ಲ. ಈಗ ‘ಅಕ್ಕಾರ, ನೀವರೆ ನನ್ನ ನಂಬತೀರಿಲ್ಲೋ?’ ಎಂದು ಕೇಳಿದ್ದಾನೆ. ವಕೀಲರಿಗೆ ಕೊಡಲು ಹತ್ತು ಸಾವಿರವನ್ನೂ ಕೇಳಿದ್ದಾನೆ. ಏನು ಮಾಡಲಿ?

ಉತ್ತರ:

ಅಕ್ಕಾ, ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ಮೊದಲು ಒಂದು ಮಾತು. ನೀವು ತಪ್ಪು ಮಾಡಿಲ್ಲ. ಸುತ್ತ ಬರೀ ಮರಾಠಿ, ಹಿಂದಿ ಕೇಳುವ ಜೈಲಿನಲ್ಲಿ ತನ್ನ ಭಾಷೆಯ ಒಂದು ಪತ್ರ ಕೈಗೆ ಬಂದರೆ ಹೇಗಿರುತ್ತದೆ ಅಂತ ನನಗಿಂತ ಜಾಸ್ತಿ ನಿಮಗೆ ಗೊತ್ತು. ಊರು ಬಿಟ್ಟು ಬಂದವರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವರು ನೀವು.

ಆದರೆ ಆತ ಕೇಳಿದ ಪ್ರಶ್ನೆಗೆ ‘ನಂಬುತ್ತೇನೆ’ ಎಂದು ಬರೆಯಬೇಡಿ. ‘ನಂಬಲ್ಲ’ ಎಂದೂ ಬರೆಯಬೇಡಿ. ‘ತಮ್ಮಾ, ನಾನು ಅಲ್ಲಿರಲಿಲ್ಲ, ನನಗೆ ಗೊತ್ತಿಲ್ಲ. ನೀನು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಅದು ಏನೇ ಇರಲಿ, ಪತ್ರ ಬರೆಯುತ್ತೇನೆ’ ಅನ್ನಿ. ಓದಿದಾಗ ಆತನಿಗೆ ಬೇಜಾರಾಗಬಹುದು. ಆದರೂ ಅದು ನಿಜ. ಸುಮ್ನೆ ಸಮಾಧಾನಕ್ಕೆ ನಂಬುತ್ತೇನೆ ಅಂದುಬಿಟ್ಟರೆ ಮುಂದಿನ ಪತ್ರಗಳೆಲ್ಲ ಆ ಸುಳ್ಳನ್ನು ಕಾಯುವುದಕ್ಕೇ ಹೋಗುತ್ತವೆ.

ಆತ ನಿರಪರಾಧಿ ಇರಬಹುದಾ? ಇರಬಹುದು. ನಮ್ಮ ಮಹಾರಾಷ್ಟ್ರದ್ದೇ ಒಂದು ಕೇಸು ಹೇಳುತ್ತೇನೆ. 2003ರಲ್ಲಿ ನಾಸಿಕ್ ಬಳಿ ಒಂದೇ ಮನೆಯ ಐವರ ಕೊಲೆಯಾಯಿತು. ಅಲೆಮಾರಿ ಸಮುದಾಯದ ಆರು ಜನ ಸಿಕ್ಕಿಬಿದ್ದರು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನರಿಗೆ ಗಲ್ಲು ಎಂದಿತು. ಅದೇ ಸುಪ್ರೀಂ ಕೋರ್ಟು 2019ರ ಮಾರ್ಚ್‌ನಲ್ಲಿ ಆರೂ ಜನರನ್ನು ಬಿಡುಗಡೆ ಮಾಡಿ, ಒಬ್ಬೊಬ್ಬರಿಗೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆ ರಾತ್ರಿ ಬದುಕುಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ತೋರಿಸಿದ್ದರು. ಅವರ ಬಗ್ಗೆ ತನಿಖೆಯೇ ಆಗಿರಲಿಲ್ಲ. ಆರು ಜನರ ಬದುಕಿನ ಹದಿನಾರು ವರ್ಷ ಹೋಗಿತ್ತು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಂತ ‘ನಾ ಮಾಡಿಲ್ರಿ’ ಅಂದವರೆಲ್ಲ ಮಾಡಿಲ್ಲ ಅಂತಲ್ಲ. ಕೊಂದವರೂ ಅದೇ ಮಾತು ಹೇಳುತ್ತಾರೆ, ಅಷ್ಟೇ ಕಣ್ಣೀರಿಟ್ಟು ಹೇಳುತ್ತಾರೆ. ಡೊಂಬಿವಲಿಯ ಅಡುಗೆಮನೆಯಲ್ಲಿ ಕೂತು ಅಕ್ಷರ ನೋಡಿ ಅದನ್ನು ತೀರ್ಮಾನಿಸಲು ಆಗಲ್ಲ. ಅದಕ್ಕೇ ಒಂದು ಕೆಲಸ ಮಾಡಿ. ಪಕ್ಕದ ಮನೆ ಹುಡುಗಿಗೆ ಹೇಳಿ ಸೆಷನ್ಸ್ ಕೋರ್ಟಿನ ತೀರ್ಪು ತರಿಸಿಕೊಳ್ಳಿ. ಪೂರ್ತಿ ಓದಿ. ಸತ್ತವರ ಹೆಸರು ಅದರಲ್ಲಿರುತ್ತದೆ. ಅವರಿಗೂ ಒಬ್ಬ ತಾಯಿ ಇರುತ್ತಾರೆ, ಅವರ ಮನೆಯ ಕಿಟಕಿಯಲ್ಲೂ ಏನೋ ಒಂದು ಕಾಣುತ್ತಿರುತ್ತದೆ ಅಲ್ವಾ? ಅದನ್ನು ಓದಿದ ಮೇಲೂ ಬರೆಯಬೇಕು ಅನ್ನಿಸಿದರೆ ಬರೆಯಿರಿ. ಓದದೆ ಬರೆದರೆ ನಿಮ್ಮ ಕನಿಕರ ಅರ್ಧವೇ.

ದುಡ್ಡು ಬೇಡ. ಜೈಲಿನಲ್ಲಿರುವ ಯಾರಿಗೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು ಎಂದು 1987ರ ಕಾನೂನು ಸೇವೆಗಳ ಕಾಯ್ದೆಯೇ ಹೇಳುತ್ತದೆ. ಆದಾಯ ಎಷ್ಟು ಅಂತಲೂ ಕೇಳುವ ಹಾಗಿಲ್ಲ. ದುಡ್ಡು ಕೇಳಿದ ಅಂತ ಆತ ಮೋಸಗಾರ ಎಂದುಕೊಳ್ಳಬೇಡಿ. ಹೆದರಿದವನು ಯಾರು ಏನು ಹೇಳಿದರೂ ನಂಬುತ್ತಾನೆ, ಯಾರೋ ತಲೆಗೆ ತುಂಬಿರಬಹುದು. ‘ಕಾನೂನು ನೆರವಿನ ವಕೀಲರು ಬೇಕು ಅಂತ ಜೈಲಿನ ಅಧಿಕಾರಿಗೆ ಅರ್ಜಿ ಕೊಡು’ ಎಂದು ಬರೆಯಿರಿ. ಹುಡುಗಿಗೂ ವಿಷಯ ತಿಳಿಸಿ. ಇನ್ನೊಂದು ವಿಷಯ, ಜೈಲಿನ ಪತ್ರಗಳನ್ನು ಅಧಿಕಾರಿಗಳು ಓದುತ್ತಾರೆ. ‘ಕೇಸಿನ ವಿವರ ನನಗೆ ಬರೆಯಬೇಡ, ವಕೀಲರಿಗೆ ಮಾತ್ರ ಹೇಳು’ ಎಂದು ಮೊದಲೇ ತಿಳಿಸಿಬಿಡಿ. ಫೋಟೋ ಕಳಿಸಬೇಡಿ.

ಇನ್ನು ನನ್ನನ್ನು ಜಾಸ್ತಿ ಕಾಡಿದ ವಿಷಯ. ಅಕ್ಕಾ, ಇದು ನಾಲ್ಕು ತಿಂಗಳಲ್ಲಿ ಮುಗಿಯುವ ಮಾತಲ್ಲ. ಸೆಷನ್ಸ್ ಕೋರ್ಟು ಗಲ್ಲು ಅಂದ ಮಾತ್ರಕ್ಕೆ ಗಲ್ಲಿಗೆ ಹಾಕಲು ಆಗಲ್ಲ. ಬಾಂಬೆ ಹೈಕೋರ್ಟು ಅದನ್ನು ಖಾಯಂ ಮಾಡಬೇಕು. ಆಮೇಲೆ ಸುಪ್ರೀಂ ಕೋರ್ಟು, ಮರುಪರಿಶೀಲನೆ, ರಾಜ್ಯಪಾಲರಿಗೆ, ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ. ಕೊಲ್ಹಾಪುರದ ಮಕ್ಕಳ ಕೊಲೆ ಕೇಸಿನ ಅಕ್ಕತಂಗಿಯರಿಗೆ 2001ರಲ್ಲಿ ಗಲ್ಲು ಶಿಕ್ಷೆಯಾಯಿತು. ಕ್ಷಮಾದಾನದ ಅರ್ಜಿ ತೀರ್ಮಾನಿಸುವುದು ತುಂಬಾ ತಡವಾಯಿತು ಅಂತ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿದ್ದು 2022ರಲ್ಲಿ. ನಡುವೆ ಇಪ್ಪತ್ತು ವರ್ಷ. ಆ ಹುಡುಗನಿಗೂ ಅಷ್ಟೇ ಆಗಬಹುದು. ನೀವು ಎರಡು ವರ್ಷ ಬರೆದು, ಮಗನ ಮನೆಗೆ ಹೋದೆ, ಮಂಡಿನೋವು ಬಂತು ಅಂತ ಸುಮ್ಮನಾದರೆ? ಗಲ್ಲು ಶಿಕ್ಷೆಯವರನ್ನು ಇಡುವ ಫಾಸಿ ಯಾರ್ಡಿನಲ್ಲಿರುವವನು ಬರದ ಪತ್ರವನ್ನು ದಿನಾ ಕಾಯುತ್ತಾನೆ. ಅದಕ್ಕೇ ಕಡಿಮೆ ಮಾತು ಕೊಡಿ, ಕೊಟ್ಟದ್ದನ್ನು ನಡೆಸಿ. ತಿಂಗಳಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಸಾಕು. ಮುಲಾಕಾತಿಗೆ, ಅಂದರೆ ಜೈಲಿನಲ್ಲಿ ಭೇಟಿಗೆ, ಹೋಗುವುದು ಈಗಲೇ ಬೇಡ.

ಮನೆಯವರ ಸಿಟ್ಟು ನಿಜವಾಗಿ ಸಿಟ್ಟಲ್ಲ, ಭಯ. ಬಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ. ಒಂದು ಭಾನುವಾರ ಚಹಾ ಆದ ಮೇಲೆ ಆ ಆರು ಪತ್ರ ಹೊರಗೆ ತೆಗೆದು, ಅವರೆದುರು ಜೋರಾಗಿ ಓದಿ. ದುಡ್ಡು ಕೇಳಿದ ಪತ್ರವನ್ನೂ ಬಿಡದೆ ಓದಿ. ದುಡ್ಡು ಕಳಿಸಲ್ಲ, ಜೈಲಿಗೆ ಹೋಗಲ್ಲ ಅಂತ ನೀವೇ ಮೊದಲು ಹೇಳಿ. ಆಮೇಲೂ ಅವರು ಬೇಡ ಅಂದರೆ, ನಿಲ್ಲಿಸುವುದಾದರೆ ಕಾರಣ ಹೇಳಿ ಒಂದು ಕೊನೆಯ ಪತ್ರ ಬರೆದೇ ನಿಲ್ಲಿಸಿ.

ಆದರೆ ಅವರು ಹಾಗೆ ಅನ್ನಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ಆ ಕಿಟಕಿಯ ಪ್ರಶ್ನೆಯನ್ನು ಕೇಳಿದ ಮೇಲೆ ಅವರೂ ಒಮ್ಮೆ ಹೊರಗೆ ನೋಡುತ್ತಾರೆ. ಏನು ಕಾಣುತ್ತದೆ ಅಂತ ಇಬ್ಬರೂ ಸೇರಿ ಬರೆಯಿರಿ.