ಪ್ರೊಗ್ರೆಸಿವ್ ಪ್ರೆಸ್ ತರುವ ಮೊದಲು ವೀಸಾ ನೋಡಿಕೊಳ್ಳಿ

ಅಮೆರಿಕಕ್ಕೆ ಬಂದು ಎರಡು ವರ್ಷವಾಯಿತು, ಶೂಟಿಂಗ್ ರೇಂಜ್ ರೂಢಿಯಾಗಿದೆ, ಗ್ಯಾರೇಜಿನಲ್ಲಿ ಪ್ರೊಗ್ರೆಸಿವ್ ಪ್ರೆಸ್ (ಹಿಡಿ ಎಳೆದಂತೆಲ್ಲ ತೋಟಾ ತುಂಬುವ ಹಲವು ಹಂತಗಳನ್ನು ಒಟ್ಟಿಗೆ ಮಾಡುವ ಯಂತ್ರ) ಕೂರಿಸಿ 9 ಎಂಎಂ ತೋಟಾ ನಾನೇ ತುಂಬಿಕೊಳ್ಳಬಹುದೇ, ಯಾವ ಪ್ರೆಸ್ ತರಲಿ, ಆಮೇಲೆ ಅದಕ್ಕೆ ಏನೇನು ಸೇರಿಸಲಿ ಎಂದು ಕೇಳಿದ್ದೀರಿ. ಯಾವ ವೀಸಾದಲ್ಲಿದ್ದೀರಿ ಎಂದು ಮಾತ್ರ ಬರೆದಿಲ್ಲ. ಮೊದಲು ಬಗೆಹರಿಯಬೇಕಾದದ್ದು ಅದೇ.

ಎಚ್-1ಬಿ, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಕೆಲವು ವಿನಾಯಿತಿಗಳಿವೆ, ನಮ್ಮಂಥವರಿಗೆ ಸಾಮಾನ್ಯವಾಗಿ ಒದಗುವುದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಆ ಕಾನೂನಿನ ಪ್ರಕಾರ ಅಮ್ಯುನಿಷನ್ ಅಂದರೆ ತುಂಬಿದ ತೋಟಾ ಮಾತ್ರವಲ್ಲ. ಕೇಸು (ಹಿತ್ತಾಳೆಯ ಖಾಲಿ ಕೋಶ), ಪ್ರೈಮರ್ (ಕೇಸಿನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಗುಂಡು, ಮದ್ದು ಬಿಡಿಬಿಡಿಯಾಗಿದ್ದರೂ ಅದರಲ್ಲೇ ಸೇರುತ್ತವೆ. ಹಾಗಾಗಿ "ಸಾಮಾನು ತಂದಿಟ್ಟಿರೋಣ, ಗ್ರೀನ್ ಕಾರ್ಡ್ ಬಂದ ಮೇಲೆ ತುಂಬೋಣ" ಅನ್ನುವ ಯೋಚನೆ ಬೇಡವೇ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾದ ಈ ತಡೆ ಇಲ್ಲ. ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಕ್ಕೆ ಬೇಕು. ರಾಜ್ಯದ ಕಾನೂನು, ಬಾಡಿಗೆ ಮನೆಯಾದರೆ ಲೀಸ್ ಪತ್ರ, ಎರಡನ್ನೂ ಓದಿಕೊಳ್ಳಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 495 ಮಾನದಂಡದ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್ ತನಕ ಮದ್ದು, 10,000 ತನಕ ಪ್ರೈಮರ್ ಇಡಬಹುದು. ನಿಮ್ಮೂರಿನ ಫೈರ್ ಕೋಡ್ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಈಗ ಪ್ರೆಸ್. ಡಿಲ್ಲನ್ 550ಯಲ್ಲಿ ನಾಲ್ಕು ಸ್ಟೇಷನ್ (ಒಂದೊಂದು ಹಂತದ ಕೆಲಸ ನಡೆಯುವ ಜಾಗ), ಕೇಸುಗಳನ್ನು ಹಿಡಿದು ಮುಂದಿನ ಸ್ಟೇಷನ್ನಿಗೆ ಒಯ್ಯುವ ಶೆಲ್‌ಪ್ಲೇಟನ್ನು ಕೈಯಲ್ಲೇ ತಿರುಗಿಸಬೇಕು. ಎಕ್ಸ್‌ಎಲ್ 750, ಹಾರ್ನಡಿ ಲಾಕ್-ಎನ್-ಲೋಡ್ ಎಪಿ ಎರಡರಲ್ಲೂ ಐದು ಸ್ಟೇಷನ್, ಪ್ಲೇಟ್ ತಾನೇ ತಿರುಗುತ್ತದೆ. 9 ಎಂಎಂ ಒಂದಕ್ಕೇ ಆದರೆ ನನ್ನ ಮತ ಐದು ಸ್ಟೇಷನ್ನಿಗೆ. ಕೈಯಲ್ಲಿ ತಿರುಗಿಸುವುದನ್ನು ಒಮ್ಮೆ ಮರೆತರೆ ಅದೇ ಕೇಸಿಗೆ ಎರಡು ಸಲ ಮದ್ದು ಬೀಳುತ್ತದೆ, ಅದನ್ನು ಹಿಡಿಯುವ ಪೌಡರ್ ಚೆಕ್ ಡೈಗೆ (ಡೈ ಅಂದರೆ ಒಂದೊಂದು ಸ್ಟೇಷನ್ನಿನಲ್ಲಿ ಕೂರಿಸುವ ಉಪಕರಣ, ಇದು ಮದ್ದಿನ ಮಟ್ಟ ನೋಡುವಂಥದ್ದು) ನಾಲ್ಕೇ ಸ್ಟೇಷನ್ನಿನಲ್ಲಿ ಜಾಗವೂ ಉಳಿಯುವುದಿಲ್ಲ.

ಬೆಂಚು ಅಲುಗಬಾರದು. ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿ, ಬೆಂಚನ್ನು ಗೋಡೆಯೊಳಗಿನ ಸ್ಟಡ್‌ಗಳಿಗೆ (ಆಧಾರದ ಕಂಬಗಳಿಗೆ) ಬಿಗಿದು, ಪ್ರೆಸ್ಸನ್ನು ಆರಪಾರ ಬೋಲ್ಟಿನಲ್ಲಿ ಕೂರಿಸಿ. ಮರದ ಸ್ಕ್ರೂ ತಿಂಗಳೊಪ್ಪತ್ತಿನಲ್ಲಿ ಸಡಿಲವಾಗುತ್ತದೆ. ಬೆಂಚು ಬಾಗಿದರೆ ಪ್ರೈಮರ್ ಕೂರುವುದು ಕೈಗೆ ತಿಳಿಯುವುದಿಲ್ಲ, ಮದ್ದಿನ ಅಳತೆಯೂ ಏರುಪೇರಾಗುತ್ತದೆ.

ಮೊದಲು ಒಂದೇ ಕೇಸು ಹಾಕಿ ಒಂದೊಂದೇ ಡೈ ಹೊಂದಿಸಿ. ಮೊದಲ ಸ್ಟೇಷನ್ನಿನ ಸೈಜಿಂಗ್ ಡೈ (ಕೇಸನ್ನು ಮತ್ತೆ ಸರಿಯಾದ ಅಳತೆಗೆ ತರುವಂಥದ್ದು) ಶೆಲ್‌ಪ್ಲೇಟಿಗೆ ಮುಟ್ಟುವಷ್ಟು ಇಳಿಯಲಿ. ಎರಡನೆಯದರಲ್ಲಿ ಮದ್ದು ಬೀಳುವಾಗಲೇ ಕೇಸಿನ ಬಾಯಿ ಅಗಲವಾಗುತ್ತದೆ. ಗುಂಡು ಬೀಳದೆ ನಿಂತರೆ ಸಾಕು, ಹೆಚ್ಚು ಅಗಲಿಸಿದರೆ ಹಿತ್ತಾಳೆ ಬೇಗ ಸೀಳುತ್ತದೆ. ಮೂರನೆಯದು ಪೌಡರ್ ಚೆಕ್, ನಾಲ್ಕರಲ್ಲಿ ಗುಂಡು ಕೂರಿಸುವುದು, ಐದರಲ್ಲಿ ಕ್ರಿಂಪ್, ಅಂದರೆ ಅಗಲಿಸಿದ ಬಾಯಿಯನ್ನು ಗುಂಡಿನ ಸುತ್ತ ಒತ್ತುವುದು. ಬಾಯಿಯ ಹತ್ತಿರ ಕ್ಯಾಲಿಪರ್ 0.380 ಇಂಚಿನ ಆಸುಪಾಸು ತೋರಿಸಬೇಕು. ತೋಟಾದ ಒಟ್ಟು ಉದ್ದ 1.169 ಇಂಚು ಮೀರುವಂತಿಲ್ಲ, ಆದರೆ ನಿಮ್ಮ ಗುಂಡಿಗೆ ಲೋಡ್ ಮ್ಯಾನ್ಯುಯಲ್ (ತೋಟಾ ತುಂಬುವ ಅಳತೆಗಳ ಕೈಪಿಡಿ) ಹೇಳಿದ ಉದ್ದವೇ ಪ್ರಮಾಣ. ಗುಂಡು ಆಳಕ್ಕೆ ಕೂತಷ್ಟೂ ಒತ್ತಡ ಏರುತ್ತದೆ. ಎಲ್ಲ ಸ್ಟೇಷನ್ ತುಂಬಿದಾಗ ಪ್ಲೇಟಿನ ಮೇಲೆ ಭಾರ ಬೀಳುವ ರೀತಿ ಬದಲಾಗಿ ಉದ್ದವೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಕೊನೆಯ ಹೊಂದಾಣಿಕೆ ತುಂಬಿದ ಪ್ಲೇಟಿನಲ್ಲೇ ಆಗಲಿ.

ಮದ್ದಿನ ಪ್ರಮಾಣ ಮ್ಯಾನ್ಯುಯಲ್ಲಿನ ಆರಂಭದ ಅಂಕಿಯಿಂದಲೇ ಶುರುವಾಗಬೇಕು, ಗೆಳೆಯರ ಬಾಯಿಮಾತಿನಿಂದಲ್ಲ. ಹಾಪರ್ (ಪ್ರೆಸ್ಸಿನ ಮೇಲಿನ ಮದ್ದಿನ ಪಾತ್ರೆ) ತುಂಬಿದ ಮೇಲೆ ಮದ್ದು ಒಳಗೆ ಕುಳಿತುಕೊಳ್ಳುವ ತನಕ ಮೊದಲ ಹತ್ತು ಅಳತೆಗಳನ್ನು ವಾಪಸು ಸುರಿದುಬಿಡಿ. ಮುಂದಿನ ಹತ್ತನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಆಗ ತಕ್ಕಡಿಯ ಸಣ್ಣ ತಪ್ಪು ಹಂಚಿಹೋಗುತ್ತದೆ. ಐವತ್ತಕ್ಕೊಮ್ಮೆ ಒಂದನ್ನು ತೂಗಿ ನೋಡಿ. ಬೆಂಚಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಲಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮದ್ದು ಉರಿಯುವ ವೇಗದಲ್ಲಿ ಅಜಗಜಾಂತರ ಇರಬಹುದು. ಕೆಲಸ ಮುಗಿದ ಕೂಡಲೇ ಹಾಪರ್ ಖಾಲಿ ಮಾಡಿ.

ಅಪಾಯ ಹುಟ್ಟುವುದು ಹೆಚ್ಚಾಗಿ ಕೆಲಸ ನಡುವೆ ನಿಂತಾಗ. ಪ್ರೈಮರ್ ಸಿಕ್ಕಿಕೊಂಡಿತು, ಕೇಸು ಓರೆಯಾಯಿತು, ಅರ್ಧ ಎಳೆದ ಹಿಡಿಯನ್ನು ಹಿಂದೆ ತಂದು ಮತ್ತೆ ಎಳೆದಿರಿ: ಆ ಕೇಸಿಗೆ ಮದ್ದು ಬಿತ್ತೇ, ಎರಡು ಸಲ ಬಿತ್ತೇ ಎಂದು ಆಮೇಲೆ ಹೇಳಲಾಗದು. ಬೀಳದಿದ್ದರೆ ಪ್ರೈಮರ್ ಒಂದೇ ಗುಂಡನ್ನು ನಳಿಕೆಯೊಳಗೆ ತಳ್ಳಿ ಸಿಕ್ಕಿಸುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ. ಎರಡು ಸಲ ಬಿದ್ದರೆ ಪಿಸ್ತೂಲೇ ಒಡೆಯಬಹುದು. ಅದಕ್ಕೇ, ಏನೇ ತೊಡಕಾದರೂ ಎರಡನೆಯ ಸ್ಟೇಷನ್ನಿನಲ್ಲಿರುವ ಮತ್ತು ಅದರ ಮುಂದಿರುವ ಕೇಸುಗಳನ್ನೆಲ್ಲ ತೆಗೆದು, ಮದ್ದು ಸುರಿದು, ಹೊಸದಾಗಿ ಶುರು ಮಾಡಿ. ಸಿಕ್ಕಿಕೊಂಡ ಪ್ರೈಮರ್ ಮೇಲೆ ಬಲ ಹಾಕಬೇಡಿ, ಒಂದು ಸಿಡಿದರೆ ಪ್ರೈಮರ್ ತುಂಬಿಟ್ಟ ಟ್ಯೂಬಿನಲ್ಲಿರುವ ಅಷ್ಟೂ ಸಿಡಿಯಬಹುದು. ಕನ್ನಡಕ ಕಡ್ಡಾಯ.

ತುಂಬಿದ ತೋಟಾದ ಬುಡದ ಮೇಲೆ ಬೆರಳು ಆಡಿಸಿ: ಪ್ರೈಮರ್ ಕೂದಲೆಳೆಯಷ್ಟು, 0.003ರಿಂದ 0.005 ಇಂಚು, ಒಳಗಿರಬೇಕು. ಮೊದಲ ಹೊಡೆತಕ್ಕೆ ಹಾರದೆ ಎರಡನೆಯದಕ್ಕೆ ಹಾರಿದರೆ ಹೆಚ್ಚಾಗಿ ಪ್ರೈಮರ್ ಪೂರ್ತಿ ಕೂತಿರುವುದಿಲ್ಲ. ಮೊದಲ ಪೆಟ್ಟು ಅದನ್ನು ಕೂರಿಸುವುದರಲ್ಲೇ ಮುಗಿದಿರುತ್ತದೆ. ಹಾಗಾದರೆ ಶೆಲ್‌ಪ್ಲೇಟಿನ ಬೋಲ್ಟ್ ಸಡಿಲವಿದೆಯೇ ನೋಡಿ. ಸೈನ್ಯದ ಕೇಸುಗಳಲ್ಲಿ ಪ್ರೈಮರ್ ಸುತ್ತಲೂ ಅಂಚು ಒತ್ತಿರುತ್ತದೆ (ಇದಕ್ಕೂ ಕ್ರಿಂಪ್ ಎನ್ನುತ್ತಾರೆ), ಆ ಅಂಚನ್ನು ಒತ್ತಿ ಸರಿಸದೆ, ಅಂದರೆ ಸ್ವೇಜ್ ಮಾಡದೆ, ಹೊಸದು ಕೂರದು.

ಅಪ್‌ಗ್ರೇಡ್‌ಗಳಲ್ಲಿ ಮೊದಲು ಬೇಕಾದದ್ದು ಟೂಲ್‌ಹೆಡ್ (ಡೈಗಳನ್ನು ಕೂರಿಸುವ ಭಾಗ) ಕೆಳಗೆ ಎಲ್‌ಇಡಿ ದೀಪ, ಪ್ರತಿ ಕೇಸಿನಲ್ಲಿ ಮದ್ದಿನ ಮಟ್ಟ ಕಣ್ಣಿಗೆ ಬೀಳುವ ಹಾಗೆ. ಪ್ಲೇಟ್ ಜರ್ಕ್ ಹೊಡೆದು ಮದ್ದು ಚೆಲ್ಲುತ್ತಿದ್ದರೆ ಬೋಲ್ಟಿನ ಕೆಳಗೆ ಥ್ರಸ್ಟ್ ಬೇರಿಂಗ್, ಪ್ಲೇಟನ್ನು ಪ್ರತಿ ಸ್ಟೇಷನ್ನಿನಲ್ಲಿ ನಿಲ್ಲಿಸುವ ಇಂಡೆಕ್ಸ್ ಬಾಲ್‌ಗೆ ಮೆದು ಸ್ಪ್ರಿಂಗ್ ಹಾಕಿ. ಕೇಸುಗಳನ್ನು ತಾನೇ ಒದಗಿಸುವ ಕೇಸ್ ಫೀಡರ್ ನಿಜಕ್ಕೂ ಒಳ್ಳೆಯದು, ಕೈ ಗುಂಡು ಇಡುವುದಕ್ಕಷ್ಟೇ ಉಳಿಯುತ್ತದೆ. ಬುಲೆಟ್ ಫೀಡರ್‌ಗೆ ಒಂದು ಸ್ಟೇಷನ್ ಬೇಕು. ಅದಕ್ಕಾಗಿ ಪೌಡರ್ ಚೆಕ್ ಕಿತ್ತುಹಾಕುವವರಿದ್ದಾರೆ, ನೀವು ಹಾಗೆ ಮಾಡಬೇಡಿ.

ಸಾಮಾನ್ಯ ಪ್ರೈಮರ್‌ಗಳಲ್ಲಿ ಸೀಸ ಇದೆ. ಕೇಸುಗಳನ್ನು ಉಜ್ಜಿ ಶುಚಿ ಮಾಡುವ ಟಂಬ್ಲರ್‌ನ ಧೂಳು ಮನೆಯೊಳಗೆ ಬರಬಾರದು, ಮಕ್ಕಳು ಆ ಮೂಲೆಗೆ ಸುಳಿಯಬಾರದು, ಕೈ ತೊಳೆಯದೆ ಏನೂ ತಿನ್ನಬಾರದು.

ಇನ್ನೊಂದು ಮಾತು. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೊರಡುವಾಗ ಬಳಸಬೇಡಿ. ಮದ್ದು, ಪ್ರೈಮರ್ ವಿಮಾನದಲ್ಲಿ ಯಾವ ಲಗೇಜಿನಲ್ಲೂ ಸಲ್ಲವು, ಮತ್ತು ಬ್ಯಾಗಿನ ಹೊಲಿಗೆಯ ಸಂದಿಯಲ್ಲಿ ಮರೆತ ಒಂದು ತೋಟಾ ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಬೀಳಬಹುದು.