ಒಂದೇ ರೋಗಿ, ಎರಡು ಆತಂಕ

ಅವರು ಫಿಸಿಯೋಥೆರಪಿಸ್ಟ್, ಪಾರ್ಶ್ವವಾಯು ರೋಗಿಗಳ ಪುನಶ್ಚೇತನ ತಂಡದಲ್ಲಿ ಕೆಲಸ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ನಿದ್ದೆ ಬರುತ್ತಿಲ್ಲ, ಕೆಲಸವನ್ನೇ ಬಿಟ್ಟುಬಿಡೋಣ ಅನ್ನಿಸುತ್ತಿದೆ ಎಂದು ಸಮಾಲೋಚನೆಗೆ ನನ್ನ ಬಳಿ ಬಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಮಾತೆಲ್ಲ ತಂಡದ ವಾಕ್‌ಚಿಕಿತ್ಸಕಿಯ (ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುವವರು) ಸುತ್ತ ಸುತ್ತತೊಡಗಿತು. "ನನಗೆ ಅಡ್ಡಗಾಲು ಹಾಕುವುದೇ ಅವರ ಉದ್ಯೋಗ."

ಏನಾಯಿತೆಂದು ಬಿಡಿಸಿ ಕೇಳಿದೆ. ಬೆಳಿಗ್ಗೆ ಇವರು ರೋಗಿಯನ್ನು ಎಬ್ಬಿಸಿ, ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದರ ಬೆನ್ನಿಗೇ ಆಕೆ ಬಂದು, ರೋಗಿ ಸರಿಯಾಗಿ ನುಂಗಬಲ್ಲನೇ ಎಂದು ಪರೀಕ್ಷಿಸಬೇಕು. ದಣಿದ ರೋಗಿ ಒಂದು ಚಮಚ ನೀರಿಗೇ ಕೆಮ್ಮುತ್ತಾನೆ. 'ಅತಿಯಾದ ವ್ಯಾಯಾಮ, ಪರೀಕ್ಷೆ ಸಾಧ್ಯವಾಗಲಿಲ್ಲ' ಎಂದು ಆಕೆ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಮರುದಿನ ತಂಡದ ಸಭೆಯಲ್ಲಿ ವೈದ್ಯರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ.

ಪಾರ್ಶ್ವವಾಯುವಿನ ನಂತರ ನುಂಗುವ ತೊಂದರೆ ಸಾಮಾನ್ಯ. ನೀರೋ ಆಹಾರವೋ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಆಕೆಯ ಭಯ ಅದು. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂಬುದು ಇವರ ಭಯ. ಎರಡೂ ನ್ಯಾಯವಾದದ್ದೇ. ಆದರೆ ತನ್ನ ಭಯವನ್ನು ಮತ್ತೊಬ್ಬರಿಗೆ ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ.

ಹೊಂದಿಕೊಂಡು ಹೋಗಿ ಎಂದು ನಾನು ಹೇಳಲಿಲ್ಲ. ಆ ಸಲಹೆಯಿಂದ ಒಬ್ಬರ ಬಾಯಿ ಮುಚ್ಚುತ್ತದೆ, ರೋಗಿಯ ಕೆಮ್ಮು ನಿಲ್ಲುವುದಿಲ್ಲ. ಒಮ್ಮೆ ಆಕೆಯ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ನೋಡಿ ಎಂದೆ. ಈ ರೋಗಿಯ ವಿಷಯದಲ್ಲಿ ನಿಮ್ಮನ್ನು ಹೆಚ್ಚು ಕಾಡುವುದೇನು ಎಂದು ಕೇಳಿ. ಉತ್ತರವನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಆಕೆ ಹೌದು ಎನ್ನುವ ತನಕ ನಿಮ್ಮ ವಾದ ಎತ್ತಬೇಡಿ.

ಅವರು ಮುಖ ಸಿಂಡರಿಸಿದರು. "ನಾನೇ ಮೊದಲು ಹೋಗಬೇಕೆ?"

"ಹೌದು. ಇಲ್ಲಿಗೆ ಬಂದಿರುವವರು ನೀವಲ್ಲವೇ?"

ಇದಿಷ್ಟೇ ಸಾಲದು. ಗುಂಪುಗಳು ಬರಿದೇ ಒಡನಾಡಿದರೆ ಪೂರ್ವಗ್ರಹ ಕರಗುವುದಿಲ್ಲ, ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ ಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ಈ ನಾಲ್ಕರಲ್ಲಿ ಇಲ್ಲಿ ಇದ್ದದ್ದು ಸಮಾನ ಗುರಿ ಮಾತ್ರ. ವೇಳಾಪಟ್ಟಿಯ ದೋಷ ಇಬ್ಬರ ಸ್ವಭಾವದ ದೋಷವಾಗಿ ಕಾಣುತ್ತಿತ್ತು. ಆದ್ದರಿಂದ ಆಕ್ಷೇಪವನ್ನು ಬರೆಯುವ ಮೊದಲು ಪರಸ್ಪರ ಮಾತಾಡುವುದು, ಪರೀಕ್ಷೆ ಮೊದಲು, ವ್ಯಾಯಾಮ ನಂತರ ಎಂದು ಜೊತೆಯಾಗಿ ಕೇಳುವುದು, ಸಭೆಯಲ್ಲಿ ವೈದ್ಯರು ಕೊನೆಗೆ ಮಾತಾಡಲಿ ಎಂದು ಕೋರುವುದು: ಇವನ್ನು ಬರೆದುಕೊಂಡರು.

ಈಗ ವೇಳೆ ಬದಲಾಗಿದೆ, ನಿದ್ದೆಯೂ ಸುಧಾರಿಸಿದೆ. ಇಬ್ಬರ ನಡುವೆ ಸ್ನೇಹವೇನೂ ಬೆಳೆದಿಲ್ಲ. ಅದು ಬೇಕೆಂದು ನನಗೂ ಅನ್ನಿಸಲಿಲ್ಲ. ಸಭೆಯಲ್ಲಿ ವೈದ್ಯರು ಇನ್ನೂ ಮೊದಲೇ ಮಾತಾಡಿ ಮುಗಿಸುತ್ತಾರೆ. ಆ ಬಗ್ಗೆ ಇಬ್ಬರೂ ಸೇರಿ ಮನವಿ ಬರೆಯುತ್ತಿದ್ದಾರೆ.